ಪುಕ್ಕಟೆ ಆಟಗಳ ದುಬಾರಿ ಲೆಕ್ಕ

ಕೇಳುಗ ಮಿತ್ರರೇ, ನಮಸ್ಕಾರ.

ಜಗತ್ತಿನ ಜನರೆಲ್ಲ ಸೇರಿ ವಿಡಿಯೊ ಗೇಮ್‌ಗಳಿಗಾಗಿ ವರ್ಷವೊಂದಕ್ಕೆ ಎಷ್ಟು ಖರ್ಚು ಮಾಡುತ್ತಾರೆ ಎಂದು ಹುಡುಕಹೊರಟವರ ಕೈಗೆ ಮೊದಲು ಸಿಗುವುದು ನ್ಯೂಜೂ ಎಂಬ ಮಾರುಕಟ್ಟೆ ಸಮೀಕ್ಷಾ ಸಂಸ್ಥೆಯ ಅಂದಾಜು. ಅದರ ಪ್ರಕಾರ 2023ರಲ್ಲಿ ಈ ಮೊತ್ತ ಸುಮಾರು 18,400 ಕೋಟಿ ಡಾಲರ್, ಅಂದರೆ 15 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಕರ್ನಾಟಕ ಸರ್ಕಾರದ 2024-25ರ ಮುಂಗಡಪತ್ರದ ಗಾತ್ರ 3.71 ಲಕ್ಷ ಕೋಟಿ ರೂಪಾಯಿ. ಅಂಥ ನಾಲ್ಕು ಮುಂಗಡಪತ್ರಗಳಷ್ಟು ಹಣ ಒಂದೇ ವರ್ಷದಲ್ಲಿ ಆಟಕ್ಕೆ ಸಂದಿದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬಂದಿರುವುದು ಮೊಬೈಲ್ ಆಟಗಳಿಂದ, ಅದರಲ್ಲೂ ಬಹುಪಾಲು ಪುಕ್ಕಟೆಯಾಗಿಯೇ ಡೌನ್‌ಲೋಡ್ ಆಗುವ ಆಟಗಳಿಂದ. ಪುಕ್ಕಟೆ ಆಟದಿಂದ ಇಷ್ಟೊಂದು ದುಡ್ಡು ಹುಟ್ಟುವುದು ಹೇಗೆ ಎಂಬುದನ್ನು ಈ ಹೊತ್ತು ನೋಡೋಣ.

ಅದಕ್ಕೂ ಮುನ್ನ ಆ ಅಂಕಿಯೊಳಗೆ ಏನಿದೆ, ಏನಿಲ್ಲ ಎಂಬುದನ್ನು ತಿಳಿದಿರುವುದು ಒಳ್ಳೆಯದು. ಆಟವನ್ನು ಕೊಳ್ಳಲು ಕೊಟ್ಟ ಬೆಲೆ, ಆಟದೊಳಗೆ ಮಾಡಿದ ಖರೀದಿ, ತಿಂಗಳ ಚಂದಾ, ಇವಿಷ್ಟೇ ಅದರಲ್ಲಿ ಸೇರಿವೆ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಂಥ ಯಂತ್ರಗಳ ಬೆಲೆ, ತೆರಿಗೆ, ಜಾಹೀರಾತಿನ ಆದಾಯ, ಆನ್‌ಲೈನ್ ಜೂಜಿನ ಹಣ ಯಾವುದೂ ಅದರಲ್ಲಿಲ್ಲ. ಅಮೆರಿಕದ ಉದ್ಯಮ ಸಂಘಟನೆ 2023ಕ್ಕೆ ಪ್ರಕಟಿಸಿದ 5,720 ಕೋಟಿ ಡಾಲರ್‌ಗಳ ಲೆಕ್ಕದಲ್ಲಿ ಯಂತ್ರೋಪಕರಣಗಳೂ ಸೇರಿವೆ. ಹೀಗಿರುವಾಗ ಒಂದು ದೇಶದ ಅಂಕಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೆಚ್ಚು ಕಡಿಮೆ ಎಂದು ತೀರ್ಮಾನಿಸುವ ಪತ್ರಿಕಾ ವರದಿಗಳನ್ನು ನಾನಂತೂ ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ.

ಸರಾಸರಿಯ ಕಥೆಯೂ ಇಷ್ಟೇ. ನ್ಯೂಜೂ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಆಟವಾಡುವವರು 330 ಕೋಟಿಗೂ ಹೆಚ್ಚು. ಭಾಗಿಸಿದರೆ ತಲಾ 4,500 ರೂಪಾಯಿಯ ಆಸುಪಾಸಿನಲ್ಲಿ ಬರುತ್ತದೆ. ಆದರೆ ಪುಕ್ಕಟೆ ಆಟಗಳನ್ನು ಆಡುವವರಲ್ಲಿ ಬಹುತೇಕರು ಬಿಡಿಗಾಸನ್ನೂ ಬಿಚ್ಚುವುದಿಲ್ಲ. ಬಿಚ್ಚುವ ಅಲ್ಪಸಂಖ್ಯಾತರಲ್ಲೂ ಕೆಲವೇ ಮಂದಿ ಸಾವಿರಗಟ್ಟಲೆ, ಲಕ್ಷಗಟ್ಟಲೆ ಸುರಿಯುತ್ತಾರೆ. ಉದ್ಯಮದವರು ತಮ್ಮೊಳಗೆ ಇವರನ್ನು ತಿಮಿಂಗಿಲಗಳೆಂದು ಕರೆಯುತ್ತಾರೆ. ಆಟದೊಳಗಿನ ಅಂಗಡಿಯನ್ನು ಸಜ್ಜುಗೊಳಿಸುವುದು ಮುಖ್ಯವಾಗಿ ಇಂಥವರನ್ನು ಕಣ್ಣಮುಂದಿಟ್ಟುಕೊಂಡೇ.

ಈ ಅಂಗಡಿ ತೀರಾ ಹಳೆಯದೇನಲ್ಲ. ಕ್ಯಾಸೆಟ್ಟೋ ಸಿ.ಡಿ.ಯೋ ಒಮ್ಮೆ ಕೊಂಡರೆ ಮತ್ತೆ ದುಡ್ಡು ಕೇಳದ ಆಟಗಳ ಕಾಲ ಬಹಳ ವರ್ಷ ನಡೆಯಿತು. 2006ರ ಏಪ್ರಿಲ್‌ನಲ್ಲಿ ಆಬ್ಲಿವಿಯನ್ ಎಂಬ ಆಟದ ತಯಾರಕರು ಆಟದೊಳಗಿನ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರ್‌ಗೆ ಮಾರಾಟಕ್ಕಿಟ್ಟಾಗ ಆಟಗಾರರು ಗೇಲಿ ಮಾಡಿದರು. 2009ರ ಅಕ್ಟೋಬರ್‌ನಲ್ಲಿ ಆಪಲ್ ಕಂಪನಿಯು ಪುಕ್ಕಟೆ ಆ್ಯಪ್‌ಗಳೊಳಗೂ ಮಾರಾಟಕ್ಕೆ ಅನುಮತಿ ಕೊಟ್ಟ ಮೇಲೆ ಆ ಗೇಲಿ ತಣ್ಣಗಾಯಿತು. ಕುದುರೆ ಕವಚದ ವ್ಯಾಪಾರವೇ ಉದ್ಯಮದ ಮುಖ್ಯ ವ್ಯಾಪಾರವಾಯಿತು.

ಅಂಗಡಿಯ ಮೊದಲ ಕೈಚಳಕವಿರುವುದು ನಾಣ್ಯದಲ್ಲಿ. ಆಟದೊಳಗಿನ ಬಹುತೇಕ ವಸ್ತುಗಳಿಗೆ ರೂಪಾಯಿಯಲ್ಲಾಗಲಿ ಡಾಲರಿನಲ್ಲಾಗಲಿ ಬೆಲೆ ಬರೆದಿರುವುದಿಲ್ಲ. ಫ್ರೀ ಫೈರ್ ಎಂಬ ಆಟದಲ್ಲಿ ವಜ್ರ, ಬಿ.ಜಿ.ಎಂ.ಐ. ಎಂಬ ಆಟದಲ್ಲಿ ಯು.ಸಿ., ಫೋರ್ಟ್‌ನೈಟ್ ಎಂಬ ಆಟದಲ್ಲಿ ವಿ-ಬಕ್ಸ್, ಇವೇ ಅಲ್ಲಿನ ನಾಣ್ಯಗಳು; ಮೊದಲು ನಿಜವಾದ ಹಣ ಕೊಟ್ಟು ಇವನ್ನು ಕೊಳ್ಳಬೇಕು. ಫೋರ್ಟ್‌ನೈಟ್‌ನ ಉದಾಹರಣೆಯನ್ನೇ ನೋಡಿ: 2023ರ ಅಕ್ಟೋಬರ್‌ನಲ್ಲಿ ಪರಿಷ್ಕರಿಸಿದ ದರದಂತೆ ಅಮೆರಿಕದಲ್ಲಿ 1,000 ವಿ-ಬಕ್ಸ್‌ಗೆ 8.99 ಡಾಲರ್ ಆಗಿತ್ತು. ಆಡುವ ಹುಡುಗನೊಬ್ಬ ಆಟದೊಳಗಿನ ತನ್ನ ಪಾತ್ರಕ್ಕೆ ತೊಡಿಸಬಯಸಿದ ವೇಷದ ಬೆಲೆ 1,200 ವಿ-ಬಕ್ಸ್ ಎನ್ನೋಣ. ಆಗ ಸಾವಿರದ ಎರಡು ಕಟ್ಟು ಕೊಳ್ಳದೆ ಆ ವೇಷ ಸಿಗುತ್ತಿರಲಿಲ್ಲ. ಕೊಂಡರೆ 800 ವಿ-ಬಕ್ಸ್ ಖಾತೆಯಲ್ಲೇ ಮಿಗುತ್ತಿತ್ತು, ಅದನ್ನು ಮರಳಿ ಡಾಲರ್ ಮಾಡಿಕೊಳ್ಳಲು ದಾರಿಯಿರಲಿಲ್ಲ. ಕಾಫಿಗೆ 12 ರೂಪಾಯಿ ಎಂದು ಬರೆದು, ಗಲ್ಲಾದಲ್ಲಿ 20 ರೂಪಾಯಿಯ ಕೂಪನ್ನನ್ನು ಮಾತ್ರ ಮಾರುವ ದರ್ಶಿನಿಗೆ ನಾವು ಎರಡನೆಯ ಸಲ ಕಾಲಿಡುವುದಿಲ್ಲ. ಆಟದಲ್ಲಾದರೋ, ಮಿಕ್ಕ ಆ 800ರ ಸಲುವಾಗಿಯೇ ಮತ್ತೆ ಅಂಗಡಿಗೆ ಹೋಗುವಂತಾಗುತ್ತಿತ್ತು.

ಗುಂಡಿ ಒತ್ತುವುದರಲ್ಲೂ ಕೈಚಳಕವಿದೆ. ಇದೇ ಫೋರ್ಟ್‌ನೈಟ್‌ನ ಒಡೆಯ ಸಂಸ್ಥೆ ಎಪಿಕ್ ಗೇಮ್ಸ್‌ನ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ ಆರೋಪಗಳಲ್ಲಿ ಇದು ವಿವರವಾಗಿದೆ. ಆಟವನ್ನು ನಿದ್ರಾವಸ್ಥೆಯಿಂದ ಎಬ್ಬಿಸುವಾಗ, ಪರದೆ ಲೋಡ್ ಆಗುತ್ತಿರುವಾಗ, ಅಥವಾ ವಸ್ತುವೊಂದನ್ನು ಸುಮ್ಮನೆ ನೋಡಲೆಂದು ಪಕ್ಕದ ಗುಂಡಿ ಒತ್ತಿದಾಗ ಕೂಡ ಖರೀದಿ ಆಗಿಬಿಡುತ್ತಿತ್ತು. ಹಣ ವಾಪಸು ಕೊಡಿಸುವಂತೆ ಕಾರ್ಡ್ ಕಂಪನಿಗೆ ದೂರು ಕೊಟ್ಟವರ ಖಾತೆಗಳಿಗೆ ಬೀಗ ಬೀಳುತ್ತಿತ್ತು, ಅಲ್ಲಿಯವರೆಗೆ ಕೊಂಡದ್ದೆಲ್ಲವೂ ಅದರೊಂದಿಗೆ ಕೈತಪ್ಪುತ್ತಿತ್ತು. 2022ರ ಡಿಸೆಂಬರ್‌ನಲ್ಲಿ ಎಪಿಕ್ ಒಟ್ಟು 52 ಕೋಟಿ ಡಾಲರ್ ಕೊಡಲು ಒಪ್ಪಿತು, ಅದರಲ್ಲಿ 24.5 ಕೋಟಿ ಆಟಗಾರರಿಗೆ ಮರಳಿಸಲೆಂದು, ಉಳಿದದ್ದು ಮಕ್ಕಳ ಖಾಸಗಿತನದ ಕಾನೂನು ಮುರಿದುದಕ್ಕೆ ದಂಡ. ವಾರ್ಷಿಕ ಖರ್ಚಿನ ಪಟ್ಟಿಯಲ್ಲಿ ಮನಃಪೂರ್ವಕ ಖರೀದಿಗೂ ಇಂಥ ಕೈತಪ್ಪಿನ ಖರೀದಿಗೂ ಒಂದೇ ಕಲಂ ಎಂಬುದನ್ನು ಗಮನಿಸಬೇಕು.

ಭಾರತದ ಲೆಕ್ಕದಲ್ಲಿ ತೊಡಕು ಬೇರೆಯದೇ. ಲುಮಿಕಾಯಿ ಎಂಬ ಹೂಡಿಕೆ ಸಂಸ್ಥೆಯ ವರದಿಯಂತೆ 2023-24ರಲ್ಲಿ ನಮ್ಮ ಗೇಮಿಂಗ್ ಮಾರುಕಟ್ಟೆಯ ಆದಾಯ ಸುಮಾರು 380 ಕೋಟಿ ಡಾಲರ್. ಆದರೆ ಅದರಲ್ಲಿ ದೊಡ್ಡ ಪಾಲು ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಮೊದಲಾದ, ಹಣವಿಟ್ಟು ಆಡುವ ಆಟಗಳದ್ದು. ಪಣದ ಹಣದಲ್ಲಿ ಒಬ್ಬರು ಕಳೆದದ್ದನ್ನು ಇನ್ನೊಬ್ಬರು ಗೆದ್ದಿರುತ್ತಾರೆ, ನಡುವೆ ಕಂಪನಿ ಮುರಿದುಕೊಂಡ ಶುಲ್ಕವೇ ಅದರ ಆದಾಯ. ವೇಷ ಕೊಂಡ ಹುಡುಗನ ಖರ್ಚನ್ನೂ ರಮ್ಮಿಯಲ್ಲಿ ಸಂಬಳ ಕಳೆದುಕೊಂಡವನ ನಷ್ಟವನ್ನೂ ಒಂದೇ ಹೆಸರಿನಡಿ ಕೂಡಿಸುವುದು ನನಗೆ ಸರಿಕಾಣದು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣದ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ವಿಧಿಗಳನ್ನು ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆಯೊಂದನ್ನು ಅಂಗೀಕರಿಸಿ ದೇಶದಾದ್ಯಂತ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಇಂಥ ಆಟಗಳಲ್ಲಿ ವರ್ಷಕ್ಕೆ 45 ಕೋಟಿ ಜನ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆಂಬುದು ಆಗ ಸರ್ಕಾರ ಮುಂದಿಟ್ಟ ಅಂದಾಜು. ವಜ್ರ, ಯು.ಸಿ. ಮಾರುವ ಆಟಗಳು ಆ ನಿಷೇಧದ ಹೊರಗಿವೆ.

ಅಂಥ ಆಟಗಳಲ್ಲಿ ಮಕ್ಕಳ ಖರ್ಚಿಗೆ ನೇರವಾಗಿ ಮಿತಿ ಹಾಕಿದ ದೇಶ ಚೀನಾ. 2019ರ ನವೆಂಬರ್‌ನಲ್ಲಿ ಅಲ್ಲಿ ಬಂದ ನಿಯಮದಂತೆ 8 ವರ್ಷದೊಳಗಿನವರು ಏನನ್ನೂ ಕೊಳ್ಳುವಂತಿಲ್ಲ. 8ರಿಂದ 16ರವರಿಗೆ ತಿಂಗಳಿಗೆ 200 ಯುವಾನ್, 16ರಿಂದ 18ರವರಿಗೆ 400 ಯುವಾನ್ ಮಿತಿ. ಅಷ್ಟು ಬಿಗಿ ಎಲ್ಲರಿಗೂ ಒಪ್ಪಿಗೆಯಾಗಲಾರದು, ನನಗೂ ಅದು ಅತಿಯೆನಿಸುತ್ತದೆ. ಆದರೆ ಮಿತಿಯನ್ನು ವಜ್ರದಲ್ಲಿ ಹೇಳದೆ ನಿಜವಾದ ಹಣದಲ್ಲಿ ಹೇಳಿದ ಕ್ರಮ ಮೆಚ್ಚತಕ್ಕದ್ದೇ.

ನಮ್ಮಲ್ಲಿ ಸದ್ಯಕ್ಕೆ ಆ ಕೆಲಸ ಮನೆಯವರದ್ದು. ಆಂಡ್ರಾಯ್ಡ್ ಫೋನಿರುವವರು ಪ್ಲೇ ಸ್ಟೋರ್ ತೆರೆದು, ಮೇಲ್ತುದಿಯಲ್ಲಿರುವ ತಮ್ಮ ಚಿತ್ರವನ್ನು ಒತ್ತಿ, ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್ ಎಂಬಲ್ಲಿ ಬಜೆಟ್ ಆ್ಯಂಡ್ ಹಿಸ್ಟರಿಯನ್ನು ನೋಡಿದರೆ, ಯಾವ ದಿನ ಯಾವ ಆಟಕ್ಕೆ ಎಷ್ಟು ರೂಪಾಯಿ ಹೋಗಿದೆ ಎಂಬುದು ಸಾಲುಸಾಲಾಗಿ ಕಾಣುತ್ತದೆ. ಅಲ್ಲಿಯೇ ತಿಂಗಳ ಬಜೆಟ್ ಕೂಡ ನಿಗದಿ ಮಾಡಬಹುದು. ಒಂದು ಮಾತು ನೆನಪಿರಲಿ: ಆ ಬಜೆಟ್ ಮೀರಿದರೆ ಫೋನು ಎಚ್ಚರಿಸುತ್ತದೆಯೇ ಹೊರತು ಖರೀದಿಯನ್ನು ತಡೆಯುವುದಿಲ್ಲ. ತಡೆಯಬೇಕೆಂದರೆ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಸೆಟ್ಟಿಂಗ್ ಬದಲಿಸಿ, ಆ ಪಾಸ್‌ವರ್ಡನ್ನು ಮಕ್ಕಳಿಗೆ ಹೇಳದಿರಬೇಕು.

ನಮಸ್ಕಾರ.