ಇನ್ವರ್ಟರ್ ದೊಡ್ಡದಾದರೆ ಕೂಲರ್ ಬೆಳಗಿನ ತನಕ ಓಡುತ್ತದಾ?

ನಮಸ್ಕಾರ ಎಲ್ಲರಿಗೂ. ಕಲಬುರಗಿ, ಮೇ ತಿಂಗಳು, ಮಧ್ಯಾಹ್ನದ ಹೊತ್ತು. ಬಿಸಿಲು ನಿಮಗೇ ಕಾಣುತ್ತಿದೆ, ಒಳಗೆ ಬನ್ನಿ.

ಇದೇ ನೋಡಿ ಹೊಸ ಇನ್ವರ್ಟರ್. 1500 ವಿಎ, ಅಂದರೆ ಒಮ್ಮೆಗೆ ಎಷ್ಟು ಭಾರ ಎಳೆಯುತ್ತದೆ ಅನ್ನುವ ಅಳತೆ. ಹಳೆಯದು 700 ಇತ್ತು, ಚೆನ್ನಾಗೇ ಇತ್ತು. ಕರೆಂಟ್ ಹೋದರೆ ಕೂಲರ್ ಬೆಳಗಿನ ತನಕ ಬರುವುದಿಲ್ಲ ಅಂತ ಅಂಗಡಿಯಲ್ಲಿ ಹೇಳಿದೆ. "ದೊಡ್ಡದು ತಗೋರಿ, ರಾತ್ರಿಯೆಲ್ಲಾ ಓಡ್ತದ್ರಿ" ಅಂದರು. ಹಳೆಯದನ್ನು ಅವರಿಗೇ ಕೊಟ್ಟು, ಮೇಲೆ 5,500 ರೂಪಾಯಿ ಕೊಟ್ಟೆ. ಬ್ಯಾಟರಿ ಮಾತ್ರ ಅದೇ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋಯಿತು. ಎರಡೂವರೆಗೆ ಕೂಲರ್ ನಿಂತಿತು. ಹಳೆಯದರಲ್ಲೂ ಅಷ್ಟೇ ಹೊತ್ತು ಬರುತ್ತಿತ್ತು! ಅವ್ವ ಕತ್ತಲಲ್ಲಿ ಬೀಸಣಿಗೆ ಹಿಡಿದು ಕೂತಿದ್ದಳು. 5,500 ರೂಪಾಯಿ! ಅವಳನ್ನು ನೋಡಿ ನನಗೆ ಆಮೇಲೆ ನಿದ್ದೆಯೇ ಬರಲಿಲ್ಲ.

ಈಗ ಅಡುಗೆಮನೆ. ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ, ಆ ಕೈ ನೋಡಿ. ನನಗೆ ಅರ್ಥವಾಗಿದ್ದು ಇಲ್ಲೇ. ತಾಸಿಗೆ ಎಷ್ಟು ರೊಟ್ಟಿ ಆಗುತ್ತವೆ ಅನ್ನುವುದು ವ್ಯಾಟ್. ಬುಟ್ಟಿಯಲ್ಲಿ ಒಟ್ಟು ಎಷ್ಟಾದವು ಅನ್ನುವುದು ಯುನಿಟ್. ದೊಡ್ಡ ಹಂಚು ತಂದರೆ ಒಮ್ಮೆಗೆ ಎರಡು ಬೇಯುತ್ತವೆ, ಸರಿ. ಡಬ್ಬಿಯಲ್ಲಿ ಹಿಟ್ಟು ಅಷ್ಟೇ ಇದ್ದರೆ? ನಾನು ಹಂಚು ತಂದೆ, ಹಿಟ್ಟು ತರಲಿಲ್ಲ.

ಹಿಟ್ಟು ಅಂದರೆ ಬ್ಯಾಟರಿ. 12 ವೋಲ್ಟ್, 150 ಆಂಪಿಯರ್ ಅವರ್. ಗುಣಿಸಿದರೆ 1800 ವ್ಯಾಟ್ ಅವರ್. 1000 ವ್ಯಾಟ್‌ನ ಹೀಟರ್ ಒಂದು ತಾಸು ಉರಿದರೆ ಒಂದು ಯುನಿಟ್, ಹಾಗಾಗಿ ಇದರಲ್ಲಿರುವುದು 1.8 ಯುನಿಟ್. ನಮ್ಮ ಕೂಲರ್ 180, ಎರಡು ಫ್ಯಾನ್ 150, ಒಟ್ಟು 330 ವ್ಯಾಟ್. ಲೆಕ್ಕಕ್ಕೆ ಸುಮಾರು ಐದೂವರೆ ತಾಸು. ಆದರೆ ಬ್ಯಾಟರಿ ಹಳೆಯದು, ಇನ್ವರ್ಟರ್ ತಾನೂ ಒಂದಿಷ್ಟು ತಿನ್ನುತ್ತದೆ. ಮೂರೂವರೆ ತಾಸಿಗೆ ಮುಗಿಯಿತು. ಇನ್ನು "ಗಂಟೆಗೆ 180 ವ್ಯಾಟ್" ಅನ್ನುವ ಮಾತು ನನಗೆ ಆಗುವುದೇ ಇಲ್ಲ. ವ್ಯಾಟ್ ಅಂದರೇನೇ ವೇಗ, ಮತ್ತೆ ಗಂಟೆ ಯಾಕೆ?

ಇದು ಹೊರಗಿನ ಮೀಟರ್. ಕೆಂಪು ದೀಪ ಮಿನುಗುತ್ತಿದೆ ಅಲ್ವಾ? ನಮ್ಮದರ ಮೇಲೆ 3200 ಅಂತಿದೆ, ಅಷ್ಟು ಸಲ ಮಿನುಗಿದರೆ ಒಂದು ಯುನಿಟ್. ಗೃಹಜ್ಯೋತಿ ನೆನಪಾಯಿತು. 2023ರ ಆಗಸ್ಟ್ 5ಕ್ಕೆ ನಮ್ಮ ಊರಲ್ಲೇ ಶುರುವಾಗಿದ್ದು. ಅದರ 200 ಯುನಿಟ್ ಮಿತಿಯೂ ತಿಂಗಳ ಒಟ್ಟು ಲೆಕ್ಕವೇ. ಮಿಕ್ಸಿ 750 ವ್ಯಾಟ್, ಸದ್ದು ಜೋರು. ನಾಲ್ಕು ನಿಮಿಷಕ್ಕೆ ತಿನ್ನುವುದು ಬರೀ 0.05 ಯುನಿಟ್. ಕೂಲರ್ ಸುಮ್ನೆ ಎಂಟು ತಾಸು ಓಡಿ 1.44 ಯುನಿಟ್ ತಿನ್ನುತ್ತದೆ. ಹಾಂ, ಮಿಕ್ಸಿ ಅಂದೆನಲ್ಲ, ಹಳೆ ಇನ್ವರ್ಟರ್ ಅದನ್ನು ಎಳೆಯುತ್ತಿರಲಿಲ್ಲ, ಇದು ಎಳೆಯುತ್ತದೆ. ನಿನ್ನೆ ಕರೆಂಟ್ ಇಲ್ಲದಾಗ ಅವ್ವ ಶೇಂಗಾ ಚಟ್ನಿ ಮಾಡಿದಳು. ಹಾಗಾಗಿ ದುಡ್ಡು ಪೂರ್ತಿ ದಂಡ ಅಂತ ಈಗ ಹೇಳುವುದಿಲ್ಲ.

ಅವ್ವ ಊಟಕ್ಕೆ ಕರೆದಳು. ಸಂಜೆ ಬಿಸಿಲು ಇಳಿದ ಮೇಲೆ ನಮ್ಮೂರ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋಗಿ 220 ಆಂಪಿಯರ್ ಅವರ್ ಬ್ಯಾಟರಿಯ ಬೆಲೆ ಕೇಳಬೇಕು. ಅದಕ್ಕೆ 2.64 ಯುನಿಟ್ ಆಯಿತು, ಲೆಕ್ಕಕ್ಕೆ ಎಂಟು ತಾಸು. ಐದು ಬಂದರೂ ನಸುಕಿನ ತನಕ ಅವ್ವ ಮಲಗಬಹುದು.