ರೋಹಿಣಿಯ ಸುತ್ತ ಯಾರಿದ್ದಾರೆ?

ಕೇಳುಗರಿಗೆ ನಮಸ್ಕಾರ.

ನಾನು ಗೌರಿಬಿದನೂರು ಕಡೆಯ ಹಳ್ಳಿಯವನು. ಚಿಕ್ಕವನಿದ್ದಾಗ ರಾಗಿ ಒಕ್ಕಣೆ ಮುಗಿಯುವ ತನಕ ರಾತ್ರಿ ಹೊತ್ತು ತಾತನ ಜೊತೆ ಕಣದಲ್ಲೇ ಮಲಗುತ್ತಿದ್ದೆ. ರಾಶಿ ಕಾಯುವುದು ನೆಪ. ನಾನು ಕಾದದ್ದು ಅಷ್ಟರಲ್ಲೇ ಇದೆ, ಕಂಬಳಿ ಹೊದ್ದು ಆಕಾಶ ನೋಡಿದ್ದೇ ಜಾಸ್ತಿ. ಒಂದು ರಾತ್ರಿ ತಾತ ಪೂರ್ವಕ್ಕೆ ಕೈ ತೋರಿಸಿ, "ಅಗೋ, ಆ ಕೆಂಪಗಿರೋದು ರೋಹಿಣಿ" ಎಂದರು. ನನಗೆ ಗೊತ್ತಿದ್ದದ್ದು ರೋಹಿಣಿ ಮಳೆ ಮಾತ್ರ. "ಮತ್ತೆ ಈಗ ಯಾಕೆ ಮಳೆ ಬರ್ತಿಲ್ಲ ತಾತ?" ಎಂದು ಕೇಳಿದೆ. "ಅವಳು ಹಿಂಗೆ ಎದುರಿಗೆ ಕಂಡಾಗ ಮಳೆ ಇಲ್ಲ ಕಣಪ್ಪ. ಸೂರ್ಯನ ಮರೆಗೆ ಹೋದಾಗ ಮಳೆ" ಎಂದರು.

ತಾತನಿಗೆ ಓದು ಬರುತ್ತಿರಲಿಲ್ಲ. ಲೆಕ್ಕ ಮಾತ್ರ ಸರಿ ಇತ್ತು. ಮೇ ಕೊನೆ, ಜೂನ್ ಮೊದಲಲ್ಲಿ ಸೂರ್ಯ ರೋಹಿಣಿ ಇರುವ ದಿಕ್ಕಿನಲ್ಲೇ ಇರುತ್ತಾನೆ. ಅದೇ ರೋಹಿಣಿ ಮಳೆ. ಅವನ ಬೆಳಕಿನಲ್ಲಿ ನಕ್ಷತ್ರ ಕಾಣುವುದಿಲ್ಲ. ಅದಕ್ಕೆ ಸರಿಯಾಗಿ ಆರು ತಿಂಗಳಾದ ಮೇಲೆ, ಡಿಸೆಂಬರ್ ಮೊದಲಲ್ಲಿ, ಸೂರ್ಯ ಮುಳುಗುವ ಹೊತ್ತಿಗೆ ರೋಹಿಣಿ ಹುಟ್ಟುತ್ತದೆ. ಬಿತ್ತನೆಗೆ ಹದ ಮಾಡುವಾಗ ಹೆಸರು ಮಾತ್ರ, ಒಕ್ಕಣೆ ಹೊತ್ತಿಗೆ ಮುಖ.

ಈ ರೋಹಿಣಿ ಒಂದು ಕೆಂಪು ದೈತ್ಯ. ಇಲ್ಲಿಂದ ಸುಮಾರು 66 ಜ್ಯೋತಿರ್ವರ್ಷ ದೂರ, ಅಂದರೆ ಬೆಳಕಿಗೂ 66 ವರ್ಷದ ದಾರಿ. ಈ ಚಳಿಗಾಲ ನೀವು ನೋಡುವ ಅದರ ಬೆಳಕು ಅಲ್ಲಿಂದ ಹೊರಟಾಗ ಗೌರಿಬಿದನೂರು ಇನ್ನೂ ಕೋಲಾರ ಜಿಲ್ಲೆಯಲ್ಲಿತ್ತು. ಅಗಲದಲ್ಲಿ ಅದು ನಮ್ಮ ಸೂರ್ಯನ ಸುಮಾರು 45 ಪಟ್ಟು. ಆದರೆ ಅದರಲ್ಲಿರುವ ಸರಕು ಸೂರ್ಯನಿಗಿಂತ ಸ್ವಲ್ಪವೇ ಹೆಚ್ಚು. ಪೂರಿ ಎಣ್ಣೆಗೆ ಬಿದ್ದು ಉಬ್ಬಿದಾಗ ಹಿಟ್ಟು ಹೆಚ್ಚಾಗುತ್ತದೆಯೇ? ಇಲ್ಲ ಅಲ್ವಾ. ಇದೂ ಹಾಗೇ ಉಬ್ಬಿರುವುದು. ಸೂರ್ಯನ ಜಾಗದಲ್ಲಿ ರೋಹಿಣಿಯನ್ನು ತಂದಿಟ್ಟರೆ ಹೇಗಿರುತ್ತದೆ ಅಂತ ನಾನೊಮ್ಮೆ ಲೆಕ್ಕ ಹಾಕಿದೆ. ಕೈ ಮುಂದಕ್ಕೆ ಚಾಚಿ ಒಂದು ಗೇಣು ಅಗಲಿಸಿ ಹಿಡಿಯಿರಿ. ಆ ಗೇಣಿಗೂ ಮೀರಿದ ಕೆಂಡದ ಉಂಡೆ ಬೆಳಗ್ಗೆ ಬೆಳಗ್ಗೆ ಬೆಟ್ಟದ ಹಿಂದಿನಿಂದ ಏಳುತ್ತದೆ. ನೋಡಲು ನಾವು ಉಳಿದಿದ್ದರೆ.

ಯಾಕೆ ಉಬ್ಬುತ್ತದೆ? ನಕ್ಷತ್ರದ ಒಲೆಗೆ ಸೌದೆ ಅಂದರೆ ಜಲಜನಕ. ನಟ್ಟನಡುವಿನ ಜಲಜನಕ ತೀರಿದ ಮೇಲೆ ಒಳಗಿನ ತಿರುಳು ಕುಗ್ಗುತ್ತ ಇನ್ನೂ ಬಿಸಿಯಾಗುತ್ತದೆ. ಆ ಬಿಸಿಗೆ ತಿರುಳಿನ ಸುತ್ತ ಇರುವ ಜಲಜನಕ ಮೊದಲಿಗಿಂತ ಜೋರಾಗಿ ಉರಿಯುತ್ತದೆ. ಹೊರಗಿನ ಪದರ ಉಬ್ಬುತ್ತದೆ, ಉಬ್ಬಿದ್ದರಿಂದ ತುಸು ತಣ್ಣಗಾಗಿ ಕೆಂಪಾಗುತ್ತದೆ. ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣಕ್ಕಿಂತ ಬೆಳ್ಳಗೆ ಕಾದದ್ದೇ ಹೆಚ್ಚು ಬಿಸಿ. ಕಮ್ಮಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಈಗ ನನಗೆ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ರೋಹಿಣಿಯ ಸುತ್ತ ಗ್ರಹ ಇದೆಯೇ?

ಅಷ್ಟು ದೂರದ ಗ್ರಹ ಕಣ್ಣಿಗೆ ಕಾಣುವುದಿಲ್ಲ. ಹಾಗಾದರೆ ಹುಡುಕುವುದು ಹೇಗೆ? ಕಣದ ನಡುವೆ ಮೇಟಿ ನೆಟ್ಟಿರುತ್ತಿದ್ದರು, ನೆನಪಿದೆಯಾ? ಎತ್ತು ಕಟ್ಟಿ ಅದರ ಸುತ್ತ ಹೊಡೆಯುತ್ತಿದ್ದರು. ಎತ್ತು ಈ ಕಡೆ ಬಂದಾಗ ಮೇಟಿ ಈ ಕಡೆಗೆ ಒಂದಿಷ್ಟು ವಾಲುತ್ತದೆ, ಆ ಕಡೆ ಹೋದಾಗ ಆ ಕಡೆಗೆ. ಕತ್ತಲಲ್ಲಿ ಎತ್ತು ಕಾಣದಿದ್ದರೂ ಮೇಟಿ ಮೇಲೆ ಕೈ ಇಟ್ಟರೆ ಏನೋ ಸುತ್ತುತ್ತಿದೆ ಅಂತ ಗೊತ್ತಾಗುತ್ತದೆ. ಗ್ರಹ ಸುತ್ತುವಾಗ ನಕ್ಷತ್ರವೂ ಹೀಗೇ ಒಂದಿಷ್ಟು ತೂಗಾಡುತ್ತದೆ. ನಮ್ಮ ಕಡೆ ಬರುವಾಗ ಬೆಳಕು ತುಸು ನೀಲಿಗೆ ಸರಿಯುತ್ತದೆ, ದೂರ ಹೋಗುವಾಗ ತುಸು ಕೆಂಪಿಗೆ.

ರೋಹಿಣಿ ಹೀಗೆ ತೂಗುತ್ತಿದೆ ಎಂದು ವಿಜ್ಞಾನಿಗಳು 1993ರಲ್ಲೇ ಬರೆದರು. 2015ರಲ್ಲಿ ಇನ್ನಷ್ಟು ವರ್ಷಗಳ ಅಳತೆ ಕೂಡಿಸಿ, ಗುರುಗ್ರಹದ ಹಲವು ಪಟ್ಟು ತೂಕದ ಗ್ರಹವೊಂದು ಸುಮಾರು 629 ದಿನಕ್ಕೊಮ್ಮೆ ಸುತ್ತುತ್ತಿದೆ ಎಂದರು. ಸರಿ ಅನ್ನುವಷ್ಟರಲ್ಲಿ 2019ರಲ್ಲಿ ಇನ್ನೊಂದು ತಂಡ ಹಳೆಯದು ಹೊಸದು ಎಲ್ಲ ಅಳತೆ ತಿರುವಿ ಹಾಕಿ, ಗ್ರಹ ಇರುವುದೇ ಅನುಮಾನ ಎಂದಿತು.

ತಕರಾರು ಏನಪ್ಪಾ ಅಂದರೆ, ಕೆಂಪು ದೈತ್ಯ ಗಟ್ಟಿ ಮೇಟಿಯಲ್ಲ. ಅದರ ಮೈ ಅನ್ನದ ಎಸರಿನ ಹಾಗೆ ಕುದಿಯುತ್ತಿರುತ್ತದೆ, ತನ್ನಷ್ಟಕ್ಕೆ ಉಬ್ಬಿ ಇಳಿಯುತ್ತದೆ. ಮೇಟಿ ತಾನೇ ಅಲುಗುತ್ತಿದ್ದರೆ ಎತ್ತು ಇದೆ ಅಂತ ಹೇಗೆ ಹೇಳುತ್ತೀರಿ? ಡ್ರಾಕೋ ಎಂಬ ನಕ್ಷತ್ರಪುಂಜದ ಇನ್ನೊಂದು ದೈತ್ಯನಲ್ಲಿ ಹೀಗೇ ಆಯಿತು. ವರ್ಷಗಟ್ಟಲೆ ಗ್ರಹದಂತೆಯೇ ಇದ್ದ ತೂಗಾಟ ನಡುವೆ ನಿಂತೇ ಹೋಯಿತು, ಆಮೇಲೆ ತಾಳ ತಪ್ಪಿ ಮತ್ತೆ ಶುರುವಾಯಿತು. ನಿಜವಾದ ಗ್ರಹ ಹಾಗೆ ರಜಾ ಹಾಕುವುದಿಲ್ಲ. ನನ್ನ ಕೇಳಿದರೆ, ರೋಹಿಣಿಗೂ ಎತ್ತು ಇಲ್ಲ ಅಂತಲೇ ಅನ್ನಿಸುತ್ತದೆ. ಪಂದ್ಯ ಮಾತ್ರ ಕಟ್ಟುವುದಿಲ್ಲ.

ಬೇರೆ ದೈತ್ಯಗಳ ಸುತ್ತ ಗ್ರಹಗಳು ಸಿಕ್ಕಿವೆ. ಕೆಪ್ಲರ್-56 ಎಂಬ ಕೆಂಪು ದೈತ್ಯಕ್ಕೆ ಮೂರು. ಅದರಲ್ಲಿ ಎರಡು ಗ್ರಹ ನಕ್ಷತ್ರದ ಮುಂದೆ ಹಾದು ಹೋಗುವಾಗ ಬೆಳಕು ತುಸು ಕುಗ್ಗುವುದನ್ನೇ ಹಿಡಿದಿದ್ದಾರೆ, ಅಲ್ಲಿ ಮೇಟಿಯ ಜಗಳ ಇಲ್ಲ. ಇವೆಲ್ಲಕ್ಕಿಂತ ವಿಚಿತ್ರ ಹಲ್ಲಾ ಎಂಬ ಗ್ರಹದ ಕಥೆ. ಕೊರಿಯಾದವರು 2015ರಲ್ಲಿ ಹುಡುಕಿ, ತಮ್ಮ ದೇಶದ ಬೆಟ್ಟದ ಹೆಸರಿಟ್ಟ ಗ್ರಹ ಇದು. ಅದರ ನಕ್ಷತ್ರಕ್ಕೆ ಬೆಕ್‌ಡು ಎಂದು ಹೆಸರು. ಹಲ್ಲಾ 93 ದಿನಕ್ಕೊಮ್ಮೆ ಅದನ್ನು ಸುತ್ತುತ್ತದೆ, ಅಂದರೆ ಬಲು ಹತ್ತಿರ. 2023ರಲ್ಲಿ ನಕ್ಷತ್ರದ ಒಳಗಿನ ನಡುಕ ಅಳೆದು ನೋಡಿದರೆ, ಅದು ಈಗ ಜಲಜನಕ ಉರಿದು ಉಳಿದ ಹೀಲಿಯಂ ಉರಿಸುತ್ತಿದೆ! ಅಂದರೆ ಒಮ್ಮೆ ಪೂರ್ತಿ ಉಬ್ಬಿ ಇಳಿದಿರಬೇಕು. ಲೆಕ್ಕದ ಪ್ರಕಾರ ಆ ಉಬ್ಬರ ಹಲ್ಲಾ ಇರುವ ಜಾಗವನ್ನು ದಾಟಿ ಹೋಗಿರಬೇಕು. ಗ್ರಹ ಉಳಿಯಬಾರದಿತ್ತು. ಆದರೂ ಇದೆ. ಬೆಕ್‌ಡು ಮೊದಲು ಎರಡು ನಕ್ಷತ್ರವಾಗಿದ್ದು, ಒಂದಾದ ಮೇಲೆ ಅಷ್ಟು ಉಬ್ಬಲೇ ಇಲ್ಲ ಅನ್ನುವುದು ಒಂದು ಉತ್ತರ. ಒಂದಾಗುವಾಗ ಚೆಲ್ಲಿದ ಧೂಳಿನಿಂದ ಹಲ್ಲಾ ಹೊಸದಾಗಿ ಹುಟ್ಟಿತು ಅನ್ನುವುದು ಇನ್ನೊಂದು.

ನಮ್ಮ ಸೂರ್ಯನಿಗೂ ಇದೇ ಗತಿ, ಇನ್ನು ಸುಮಾರು 500 ಕೋಟಿ ವರ್ಷಕ್ಕೆ. ಬುಧ, ಶುಕ್ರ ಎರಡೂ ಒಳಗೆ ಹೋಗುತ್ತವೆ. ಭೂಮಿಯದು ಎಳೆದಾಟ. ಉಬ್ಬುವ ಸೂರ್ಯ ತನ್ನ ಸರಕನ್ನು ಗಾಳಿಗೆ ತೂರುತ್ತಾ ಹಗುರಾಗುತ್ತಾನೆ, ಹಿಡಿತ ಸಡಿಲಾಗಿ ಭೂಮಿ ದೂರ ಸರಿಯುತ್ತದೆ. ಅದೇ ಹೊತ್ತಿಗೆ ಭೂಮಿ ಅವನ ಮೈಯಲ್ಲಿ ಎಬ್ಬಿಸುವ, ಕಡಲಿನ ಉಬ್ಬರದಂಥ ಉಬ್ಬರವೇ ಅದನ್ನು ಒಳಕ್ಕೆ ಜಗ್ಗುತ್ತದೆ. ಜಗ್ಗುವುದೇ ಗೆಲ್ಲುತ್ತದೆ ಅನ್ನುವವರು ಹೆಚ್ಚು. ಯಾರು ಗೆದ್ದರೂ ನಮಗೆ ವ್ಯತ್ಯಾಸ ಇಲ್ಲ ಬಿಡಿ. ಅದಕ್ಕೆ ಎಷ್ಟೋ ಮೊದಲೇ, ಸುಮಾರು 100 ಕೋಟಿ ವರ್ಷಕ್ಕೆ, ಸೂರ್ಯನ ಬಿಸಿಗೆ ಸಮುದ್ರಗಳು ಆರಲು ಶುರುವಾಗಿರುತ್ತವೆ. ರೋಹಿಣಿ ಮಳೆಯೂ ಇಲ್ಲ, ಆರಿದ್ರಾ ಮಳೆಯೂ ಇಲ್ಲ.

ಈಗಿನ ಸೂರ್ಯನ ಮೇಲೆ ಕಿವಿ ಇಟ್ಟಿರುವವರು ನಮ್ಮ ತಾಲೂಕಿನಲ್ಲೇ ಇದ್ದಾರೆ. ಗೌರಿಬಿದನೂರು ಹತ್ತಿರದ ಬಯಲಲ್ಲಿ ಸಾಲು ಸಾಲು ಕಂಬ, ತಂತಿ ಕಾಣುತ್ತವಲ್ಲ, ಅದು ರೇಡಿಯೋ ದೂರದರ್ಶಕ. ಸೂರ್ಯನಿಂದ ಬರುವ ರೇಡಿಯೋ ಅಲೆ ಹಿಡಿಯುತ್ತದೆ. ನೀವು ನನ್ನ ಮಾತು ಕೇಳುತ್ತಿರುವುದೂ ರೇಡಿಯೋ ಅಲೆಯಲ್ಲೇ. ಹುಡುಗರಾಗಿದ್ದಾಗ ನಾವು ಅದನ್ನು ಬಟ್ಟೆ ಒಣಗಿಸುವ ತಂತಿ ಅಂತ ತಮಾಷೆ ಮಾಡುತ್ತಿದ್ದೆವು.

ರೋಹಿಣಿ ನೋಡಬೇಕು ಅಂದರೆ ಡಿಸೆಂಬರ್‌ನಲ್ಲಿ ರಾತ್ರಿ ಎಂಟೂವರೆ ಹೊತ್ತಿಗೆ ಪೂರ್ವಕ್ಕೆ ತಿರುಗಿ. ಮೂರು ಚುಕ್ಕಿ ಒಂದರ ಮೇಲೊಂದು ನಿಂತ ಹಾಗೆ ಕಾಣುತ್ತವೆ. ಆ ಸಾಲನ್ನೇ ಹಿಡಿದು ಮೇಲಕ್ಕೆ ಹೋದರೆ ಸಿಗುವ ಕೆಂಪು ಚುಕ್ಕಿ ರೋಹಿಣಿ. ಇನ್ನೂ ಮೇಲೆ ಹೋದರೆ ಕೃತ್ತಿಕೆಯ ಗೊಂಚಲು.

ನಮ್ಮೂರಲ್ಲಿ ಈಗ ಕಣವೂ ಇಲ್ಲ, ಮೇಟಿಯೂ ಇಲ್ಲ. ರಾಗಿ ತೆನೆ ಟಾರು ರಸ್ತೆ ಮೇಲೆ ಹರಡುತ್ತಾರೆ, ಬಸ್ಸು ಲಾರಿ ತುಳಿದು ಒಕ್ಕುತ್ತವೆ. ಹೋದ ಸಲ ನಾನೂ ತಮ್ಮನ ಜೊತೆ ರಾತ್ರಿ ರಸ್ತೆ ಪಕ್ಕ ಕಾವಲಿಗೆ ಕೂತಿದ್ದೆ. ಗಾಡಿ ಬಂದಾಗ ದೀಪಕ್ಕೆ ಕಣ್ಣು ಕುಕ್ಕಿ ಏನೂ ಕಾಣುತ್ತಿರಲಿಲ್ಲ. ಅದು ಹಾದುಹೋದ ಮೇಲೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತಿತ್ತು. ಮೊದಲು ರೋಹಿಣಿ ಕಾಣುತ್ತಿತ್ತು, ಆಮೇಲೆ ಉಳಿದ ಚುಕ್ಕಿಗಳು.

ನಮಸ್ಕಾರ.