ಒಂದೇ ಒಂದು ಪದದ ತಕರಾರು

ರಾತ್ರಿ ಹನ್ನೊಂದೂವರೆ. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ, ಅದಕ್ಕೇ ಇಷ್ಟು ಮೆಲ್ಲಗೆ ಮಾತಾಡುತ್ತಿದ್ದೇನೆ. ಪರವಾಗಿಲ್ಲ, ಇವತ್ತಿನ ಹಾಡೂ ಮೆಲುದನಿಯದ್ದೇ. 1955ರ 'ಕ್ರೈ ಮಿ ಎ ರಿವರ್'. ಹಾಡಿದವರು ಜೂಲಿ ಲಂಡನ್.

ಇಲ್ಲಿ ಹಾಕಿದರೆ ಕಾಪಿರೈಟ್ ಕಾಟ. ನೀವೇ ಹುಡುಕಿ, ಇಯರ್‌ಫೋನ್‌ನಲ್ಲಿ ಕೇಳಿ. ಬಾರ್ನಿ ಕೆಸೆಲ್ ಅವರ ಗಿಟಾರ್, ರೇ ಲೆದರ್‌ವುಡ್ ಅವರ ಬೇಸ್. ಅಷ್ಟೇ. ಡ್ರಮ್ಸ್ ಇಲ್ಲ, ಪಿಯಾನೊ ಇಲ್ಲ. ತನ್ನದು ತೀರ ಪುಟ್ಟ ದನಿ, ಮೈಕಿಗೆ ಹತ್ತಿರ ನಿಂತೇ ಹಾಡಬೇಕು ಅಂತ ಜೂಲಿಯೇ ಹೇಳುತ್ತಿದ್ದರು. ನನಗಂತೂ ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳಿದ ಹಾಗಿರುತ್ತದೆ.

ಬರೆದವರು ಆರ್ಥರ್ ಹ್ಯಾಮಿಲ್ಟನ್. ಮಾತೂ ಅವರದೇ, ಮಟ್ಟೂ ಅವರದೇ. ಬಿಟ್ಟುಹೋದವನು ಈಗ ವಾಪಸ್ ಬಂದು ಅಳುತ್ತಿದ್ದಾನೆ. ನಾವು ಕಣ್ಣೀರ ಕೋಡಿ ಅನ್ನುತ್ತೇವಲ್ಲ, ಹಾಗೆ ಇವಳು ಹೊಳೆಯನ್ನೇ ಕೇಳುತ್ತಾಳೆ. ನಾನು ಹರಿಸಿದ್ದಾಯಿತು, ಈಗ ನಿನ್ನ ಸರದಿ ಅಂತ. ಬೈಗುಳವೇ, ಆದರೆ ದನಿ ಏರುವುದೇ ಇಲ್ಲ.

ಅಸಲಿಗೆ ಇದು ಜಾಝ್ ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್ ಅವರಿಗಾಗಿ ಬರೆದದ್ದು, 'ಪೀಟ್ ಕೆಲೀಸ್ ಬ್ಲೂಸ್' ಸಿನಿಮಾಕ್ಕೆ. ಸಿನಿಮಾದವರು ಕೈಬಿಟ್ಟರು. ಆಮೇಲೆ ಪೆಗಿ ಕಿಂಗ್ ಅನ್ನೋ ಗಾಯಕಿಯ ಹತ್ತಿರ ಹೋಯಿತು. ಅಲ್ಲಿ ಕೊಲಂಬಿಯಾ ರೆಕಾರ್ಡ್ಸ್‌ನ ಮಿಚ್ ಮಿಲ್ಲರ್ ಒಂದು ಪದಕ್ಕೆ ತಕರಾರು ತೆಗೆದರು. 'ಪ್ಲಿಬೀಯನ್'. ಸಾಮಾನ್ಯರದು, ಕೀಳು ಅಭಿರುಚಿಯದು ಅನ್ನೋ ಅರ್ಥ. ಪ್ರೀತಿಯೆಲ್ಲ ನನ್ನಂಥವರಿಗಲ್ಲ ಅಂತ ಜಂಬ ಪಟ್ಟವನ ಬಾಯಲ್ಲಿ ಬರುವ ಪದ. ಅವನಿಗೆ ಸರಿಯಾಗಿ ಒಪ್ಪುತ್ತದೆ, ಅಲ್ವಾ?

ಪ್ರಾಸ ನೋಡಿ. ಮುಂದಿನ ಸಾಲನ್ನು 'ಮಿ ಆ್ಯಂಡ್' ಅನ್ನೋ ಕಡೆ ಮುರಿದು, 'ಮೀಯನ್' ಅಂತ ಎಳೆದು, 'ಪ್ಲಿಬೀಯನ್'ಗೆ ಕೂರಿಸಿದ್ದಾರೆ. ಆ ಪದ ಕಿತ್ತರೆ ಜೊತೆಗೆ ಇದೂ ಬೀಳುತ್ತದೆ. ಪುಣ್ಯಕ್ಕೆ ಹ್ಯಾಮಿಲ್ಟನ್ ಕೀಳಲಿಲ್ಲ.

ಜೂಲಿ ಹ್ಯಾಮಿಲ್ಟನ್ ಅವರ ಹೈಸ್ಕೂಲ್ ಸಹಪಾಠಿ. ಆ ಸಿನಿಮಾದ ನಿರ್ದೇಶಕ ಜ್ಯಾಕ್ ವೆಬ್ ಅವರ ಮಾಜಿ ಹೆಂಡತಿ ಕೂಡ! ಗಂಡನ ಸಿನಿಮಾಕ್ಕೆ ಹಾಡು ಬೇಕು ಅಂತ ಹಿಂದೆ ಹ್ಯಾಮಿಲ್ಟನ್ ಅವರನ್ನು ಸಂಪರ್ಕಿಸಿದ್ದೂ ಅವರೇ. ಸಿನಿಮಾಕ್ಕೆ ಬೇಡವಾದ ಹಾಡು ಕೊನೆಗೆ ಜೂಲಿಯವರ ಮೊದಲ ಆಲ್ಬಮ್‌ನ ಮೊದಲ ಹಾಡಾಯಿತು.

1961ರಲ್ಲಿ ಎಲಾ ಕೂಡ ರೆಕಾರ್ಡ್ ಮಾಡಿದರು. ಅವರ ದನಿಯಲ್ಲಿ 'ಪ್ಲಿಬೀಯನ್' ಹಾಗೇ ಇದೆ. ಈಗ ಅದನ್ನೇ ಹಾಕಿಕೊಳ್ಳುತ್ತಿದ್ದೇನೆ, ವಾಲ್ಯೂಮ್ ಎರಡು ಕಡ್ಡಿಗೆ ಇಳಿಸಿ.